ಗುಳೆಗೂ ಒಂದು ಸರ್ಟಿಫಿಕೇಟು

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನಡೆಯುವುದು ನಮ್ಮ ಮನೆತನಕ್ಕೆ ಅಂಟಿಕೊಂಡು ಬಂದದ್ದು. ಬೇರೆಯವರು ಮದುವೆಯಲ್ಲಿ, ಬಸುರಿಯ ಕುಬುಸದಲ್ಲಿ ನಗುತ್ತಾರೆ. ನಾವು ದವಾಖಾನೆಯ ಸಾಲಿನಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ನಕ್ಕವರು. ಈಗ ನಾನು ಚಿತ್ತಾಪುರದ ಒಂದು ಸಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಚಹಾದ ಹೊತ್ತಿಗೆ ಜೊತೆಯ ಟೀಚರುಗಳು, ನೀವು ಹೈದ್ರಾಬಾದಿಗೆ ಹೋದ ಕಥಿ ಹೇಳ್ರಿ ಅಂತ ಗಂಟುಬೀಳುತ್ತಾರೆ. ಹೇಳುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಅಲ್ಲಿ ಹೇಳದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಹಾಬಾದ. ಅಪ್ಪ ಮೂವತ್ತು ವರ್ಷ ನೆಲಕ್ಕೆ ಹಾಸುವ ಫರಶಿ ಕಲ್ಲಿಗೆ ಪಾಲಿಶ್ ಹಿಡಿದವನು. ಅವ್ವ ನಾನು ನಾಲ್ಕನೇ ಇಯತ್ತೆಯಲ್ಲಿ ಇದ್ದಾಗಲೇ ಹೋದಳು. ಆಮೇಲೆ ಅಪ್ಪನ ಅಕ್ಕ, ಸುಲೇಪೇಟದ ಅತ್ತಿ, ಬಂದು ಹೋಗಿ ಮಾಡುತ್ತ ನನ್ನನ್ನು ದೊಡ್ಡವಳನ್ನಾಗಿ ಮಾಡಿದಳು. ನಾನು ಸೇಡಂ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ದಿನಾ ರೈಲು, ವಾಡಿಯಲ್ಲಿ ಇಳಿದು ಇನ್ನೊಂದು ರೈಲು. ಆ ವರ್ಷ ಅಪ್ಪನಿಗೆ ಕೆಮ್ಮು ನಿಲ್ಲಲೇ ಇಲ್ಲ. ಹೈದ್ರಾಬಾದಿನ ಸರಕಾರಿ ದವಾಖಾನೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ವಾರಕ್ಕೊಮ್ಮೆ ತೋರಿಸಬೇಕು, ಇಲ್ಲೇ ಹತ್ತಿರ ಇದ್ದರೆ ಒಳ್ಳೆಯದು ಅಂದರು. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಇಕಿ ಕಾಲೇಜಿಂದು ಹ್ಯಾಂಗ್ರಿ?"

ಡಾಕ್ಟರ ಹತ್ತಿರ ಅದಕ್ಕೆ ಔಷಧ ಇರಲಿಲ್ಲ.

೧. ವರ್ಗ

ದಾರಿ ತೋರಿಸಿದವರು ನಮ್ಮ ಪ್ರಿನ್ಸಿಪಾಲ್ ಮೇಡಂ. ಕಾಲೇಜು ಬಿಡುವುದು ಬೇಡ, ಮೂರನೇ ವರ್ಷಕ್ಕೆ ಅಲ್ಲಿಯ ಸರಕಾರಿ ವಿಶ್ವವಿದ್ಯಾಲಯಕ್ಕೇ ಬದಲಿ ಮಾಡಿಸಿಕೊಳ್ಳಬಹುದು, ಖಾಲಿ ಸೀಟು ಇದ್ದರೆ ಹೊರ ರಾಜ್ಯದವರನ್ನೂ ತೆಗೆದುಕೊಳ್ಳುತ್ತಾರೆ ಅಂದರು. ನಾನು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಗೊತ್ತಿದ್ದ ಬದಲಿ ಒಂದೇ, ನೌಕರಿಯ ವರ್ಗ: ತಹಶೀಲ್ದಾರರದು, ಪೊಲೀಸರದು, ಬ್ಯಾಂಕಿನವರದು. ಕಲಿಯೋರಿಗೂ ವರ್ಗ ಆಗ್ತದೇನು ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಮರುದಿನದಿಂದ ಚಹಾದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಕಲ್ಲಿನ ಕಾರಖಾನೆಯಲ್ಲಿ ಎಲ್ಲರಿಗೂ ಒಂದೇ ಮಾತು: ಮಗಳಿಗಿ ಹೈದ್ರಾಬಾದಿಗಿ ವರ್ಗ ಆಗ್ಯಾದ, ನಾನೂ ಅಕಿ ಜೋಡಿ ಹೊಂಟೀನಿ. ತನಗೆ ಜಡ್ಡು, ತನ್ನ ಸಲುವಾಗಿ ಮಗಳು ಊರು ಬಿಡುತ್ತಿದ್ದಾಳೆ ಅಂತ ಹೇಳುವುದಕ್ಕಿಂತ ಇದು ಅವನಿಗೆ ಸಲೀಸಾಗಿತ್ತು. ಅದು ನನಗೆ ಅರ್ಥವಾಗುವಷ್ಟರಲ್ಲಿ ಮಾತು ಓಣಿ ಓಣಿ ತಿರುಗಿ ಬಂದಿತ್ತು. ಪಕ್ಕದ ಮನೆಯಾಕಿ ಖಣ, ಕೊಬ್ಬರಿ ತಂದು ಉಡಿ ತುಂಬಿ, ನೌಕರಿ ಹತ್ತಿದ್ದು ಒಂದು ಮಾತು ಹೇಳಬಾರದೇನು ಅಂತ ಸಿಟ್ಟು ಮಾಡಿದಳು. ಇನ್ನೊಬ್ಬರು ತಮ್ಮ ಮಗನ ಸಲುವಾಗಿ ಮೇಲಿನವರಿಗೆ ಒಂದು ಮಾತು ಹಾಕಲು ಹೇಳಿದರು.

ಹಿಂದಿನ ಓಣಿಯಲ್ಲಿ ರಿಟೈರಾದ ಮಾಸ್ತರರಿದ್ದರು. ಅವರಿಗೆ ಮಾತ್ರ ಲೆಕ್ಕ ಕೂಡಲಿಲ್ಲ. ಹುಡುಗಿಗೆ ಇನ್ನೂ ಇಪ್ಪತ್ತು ತುಂಬಿಲ್ಲ, ನೌಕರಿ ಸೇರಿದ್ದು ಯಾವಾಗ, ಅಷ್ಟರಲ್ಲೇ ವರ್ಗ ಯಾಕೆ ಅಂತ ನಮ್ಮ ಮನೆ ಮುಂದೆ ನಿಂತು ಬಹಳ ಹೊತ್ತು ವಿಚಾರ ಮಾಡಿದರು. ಕೊನೆಗೆ ಕೂಡಿದ ಮಂದಿಗೆ ತಾವೇ ಬಿಡಿಸಿ ಹೇಳಿದರು.

"ಭಾಳ ಪ್ರಾಮಾಣಿಕ ಇರಬೇಕು ಹುಡುಗಿ. ಲಂಚ ಮುಟ್ಟದೋರಿಗಿ ಜಿಲ್ಲಾ ಬಿಡಿಸ್ತಾರ. ಇಕಿಗಿ ರಾಜ್ಯಾನೇ ಬಿಡಿಸ್ಯಾರ ನೋಡ್ರಿ."

೨. ಕಾರಣ

ಟೀಸಿ ತೆಗೆಸಲು ಹೋದೆ. ಕಾಲೇಜಿನ ಗುಮಾಸ್ತರು ಒಳ್ಳೆಯ ಮನುಷ್ಯರು. ಕೆಟ್ಟವರಾಗಿದ್ದರೆ ಜಗಳವಾದರೂ ಮಾಡಬಹುದಿತ್ತು. ನನ್ನ ಅರ್ಜಿ ನೋಡಿದವರೇ ಮುಖ ಅರಳಿಸಿ, ಮೊಹರು ಹಾಕಿ, ದುಂಡಗಿನ ಅಕ್ಷರದಲ್ಲಿ ಬರೆದು ಕೈಗೆ ಕೊಟ್ಟರು. ಮದುವೆ ಯಾವೂರಾಗ ಇಟ್ಟೀರಿ ಅಂತಲೂ ಕೇಳಿದರು.

ಟೀಸಿಯಲ್ಲಿ ಕಾಲೇಜು ಬಿಟ್ಟ ಕಾರಣ ಅನ್ನುವ ಜಾಗದಲ್ಲಿ "ವಿವಾಹ" ಅಂತ ಇತ್ತು.

ಸರ್, ನನ್ನ ಮದುವೆ ಇಲ್ರಿ, ಅಪ್ಪಗ ಆರಾಮ ಇಲ್ಲ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ, ನಡುವಿನ ವರ್ಷದಲ್ಲಿ ಟೀಸಿ ಒಯ್ದ ಹುಡುಗಿಯರೆಲ್ಲ ಮದುವೆಗೇ ಒಯ್ದವರು, ಕೈ ತಾನೇ ಬರೆದುಬಿಟ್ಟಿತು ಅಂದರು. ಹೊಡೆದು ಹಾಕಿ ತಿದ್ದಿ ಕೊಡ್ರಿ ಅಂದೆ. ಟೀಸಿ ಪುಸ್ತಕಕ್ಕೆ ನಂಬರ್ ಇರುತ್ತದೆ, ತಿದ್ದಿದರೆ ಮೇಲಿನಿಂದ ವಿಚಾರಣೆ ಬರುತ್ತದೆ, ಇನ್ನೊಂದು ಕೊಡಬೇಕಾದರೆ ಮೊದಲಿನದು ಕಳೆದಿದೆ ಅಂತ ಪೊಲೀಸ್ ಠಾಣೆಯಿಂದ ಬರೆಸಿಕೊಂಡು ಬರಬೇಕು ಅಂದರು. ಕೈಯಲ್ಲೇ ಇರುವುದನ್ನು ಕಳೆದಿದೆ ಅಂತ ಹೇಗೆ ಬರೆಸುವುದು ಅಂತ ನನಗೆ ಅಳು ಬಂತು.

ಆ ಅಳು ನೋಡಿ ಅವರು ಕುರ್ಚಿಯಿಂದ ಎದ್ದರು. ನನ್ನನ್ನು ಕೂಡಿಸಿ, ನೀರು ಕೊಟ್ಟು, ತಮ್ಮ ಮಗಳಿಗೆ ಹೇಳಿದ ಹಾಗೆ ಹೇಳಿದರು.

"ಅಳಬ್ಯಾಡ ತಂಗಿ. ಇವತ್ತಲ್ಲ ನಾಳಿ ಆಗೋದೇ ಅದಲ್ಲ. ನಾ ಸ್ವಲ್ಪ ಮುಂಚಿತ ಬರದೀನಿ, ಅಷ್ಟೇ."

೩. ಗುಳೆ

ಟೀಸಿ ಆದ ಮೇಲೆ ಮೈಗ್ರೇಶನ್ ಸರ್ಟಿಫಿಕೇಟು. ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗುವವರು ಅದನ್ನು ತೆಗೆಸಲೇಬೇಕು. ಆ ದಿನ ಅತ್ತಿ ಸುಲೇಪೇಟದಿಂದ ಬಂದು ಹೊಸಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಂಗಂದರೇನು ಅಂತ ಕೇಳಿದಳು. ನಾನು, ಇದ್ದ ಊರು ಬಿಟ್ಟು ಬೇರೆ ಕಡೆ ಹೋಗುವುದು ಅಂದೆ.

"ಗುಳೆ ಏನು?"

ಹೂಂ, ಹಾಗೇ ಅನ್ನು ಅಂದೆ.

ಅತ್ತಿ ಕಾಯಿ ಸುಲಿಯುವುದು ನಿಲ್ಲಿಸಿದಳು. ಅವಳು, ಅವಳ ಗಂಡ, ಅವಳ ಮಾವ ಎಲ್ಲ ವರ್ಷ ಬಿಟ್ಟು ವರ್ಷ ಗುಳೆ ಹೋದವರು. ಪುಣೆಯಲ್ಲಿ ಮಣ್ಣು ಹೊತ್ತಿದ್ದಳು. ಮುಂಬೈಯಲ್ಲಿ ಕಟ್ಟಡದ ಕೆಳಗೆ ತಗಡು ಕಟ್ಟಿಕೊಂಡು ಇದ್ದಳು. ಒಂದು ಹೆರಿಗೆ ಅಲ್ಲೇ ಆಗಿ, ಆ ಕೂಸನ್ನು ಅಲ್ಲೇ ಮಣ್ಣು ಮಾಡಿ ಬಂದಿದ್ದಳು. ಅದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ. ಎಲ್ಲ ನೆನಪಾಯಿತೋ ಏನೋ, ಬಹಳ ಹೊತ್ತು ಬೀದಿ ಕಡೆ ನೋಡುತ್ತ ಕೂತಳು. ಅಪ್ಪ ಒಳಗಿನಿಂದ, ಯಾಕಕ್ಕ ಸುಮ್ಮನಾದಿ ಅಂತ ಕೇಳಿದ.

"ಏನಿಲ್ಲ ತಮ್ಮಾ," ಅಂದಳು ಅತ್ತಿ. "ನಾವು ಇಡೀ ಜಲ್ಮ ಗುಳೆ ಹೋದಿವಿ, ಒಬ್ಬನರ ಸರ್ಟಿಫಿಕೇಟ್ ಕೊಡಲಿಲ್ಲ. ಕೊಟ್ಟಿದ್ದರ ಇವತ್ತ ನಾ ಎಷ್ಟು ಕಲ್ತಾಕಿ ಇರ್ತಿದ್ದೆ ಅಂತ ನೋಡಾಕತ್ತೀನಿ."

೪. ಮೆಟ್ಟಿಲು

ಆ ಸರ್ಟಿಫಿಕೇಟು ಕೊಡುವ ವಿಶ್ವವಿದ್ಯಾಲಯದ ಕಚೇರಿ ಎರಡನೇ ಮಹಡಿಯಲ್ಲಿತ್ತು. ನೀ ಬರಬ್ಯಾಡ, ಕೆಳಗೆ ಕೂಡು ಅಂತ ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಮಗಳ ಕಾಗದಕ್ಕೆ ಅಪ್ಪನ ಮುಖ ತೋರಿಸದಿದ್ದರೆ ಕೊಡುತ್ತಾರೋ ಇಲ್ಲವೋ ಅನ್ನುವುದು ಅವನ ಚಿಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಟೋಪಿ. ನಾನು ಬಿರಬಿರನೆ ಹತ್ತಿ ಸಾಲಿನಲ್ಲಿ ನಿಂತೆ.

ಅಪ್ಪನಿಗೆ ನಾಲ್ಕು ಮೆಟ್ಟಿಲಿಗೊಮ್ಮೆ ಉಸಿರು ಹಿಡಿಯುತ್ತಿತ್ತು. ಮಂದಿಯ ಮುಂದೆ ತೇಕುತ್ತ ನಿಲ್ಲುವುದು ಅವನಿಗೆ ನಾಚಿಕೆ. ಅದಕ್ಕೆ ನಿಂತಲ್ಲೆಲ್ಲ ಬಗ್ಗಿ, ನೆಲದ ಫರಶಿ ನೋಡುತ್ತಿರುವವನ ಹಾಗೆ, ಬೆರಳಿನ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿಯುತ್ತಿದ್ದ. ಮೂವತ್ತು ವರ್ಷದ ಕೈ, ಬಡಿದರೆ ಕಲ್ಲಿನ ಜಾತಿ ತಿಳಿಯುತ್ತಿತ್ತು. ಕೆಲವು ಕಡೆ ಕಲ್ಲಿನ ಕೆಳಗೆ ಪೊಳ್ಳು. ಅಲ್ಲಿ ಬಡಿದು, ತಲೆ ಅಲ್ಲಾಡಿಸಿ, ಮತ್ತೆ ನಾಲ್ಕು ಮೆಟ್ಟಿಲು ಹತ್ತುತ್ತಿದ್ದ.

ಮೊದಲ ಮಹಡಿಯ ಜವಾನ ಇದನ್ನು ನೋಡಿದ. ಆ ಕಟ್ಟಡಕ್ಕೆ ಹೋದ ವರ್ಷವಷ್ಟೇ ಹೊಸ ಫರಶಿ ಹಾಸಿದ್ದರಂತೆ, ಆ ಕೆಲಸದ ಬಗ್ಗೆ ಮೇಲಕ್ಕೆ ದೂರೂ ಹೋಗಿತ್ತಂತೆ. ಬಿಳಿ ಬಟ್ಟೆಯ ಹಿರಿಯರೊಬ್ಬರು ಮಾತಿಲ್ಲದೆ ಕಲ್ಲು ಬಡಿಯುತ್ತ, ತಲೆ ಅಲ್ಲಾಡಿಸುತ್ತ ಮೇಲೆ ಬರುತ್ತಿದ್ದಾರೆ ಅಂತ ಅವನು ಒಳಗೆ ಓಡಿಹೋಗಿ ಹೇಳಿದ. ಮೊದಲು ಒಂದು ಕುರ್ಚಿ ಬಂತು, ಆಮೇಲೆ ಚಹಾ ಬಂತು, ಆಮೇಲೆ ಸಾಹೇಬರೇ ಇಳಿದು ಬಂದರು. ಏನು ಕೆಲಸದ ಮೇಲೆ ಬಂದಿರಿ ಅಂತ ಕೈ ಮುಗಿದು ಕೇಳಿದರು. ಅಪ್ಪನಿಗೆ ಉಸಿರು ಇನ್ನೂ ಬಂದಿರಲಿಲ್ಲ. ಕೈ ಎತ್ತಿ, ತಡೀರಿ ಅಂತ ಸನ್ನೆ ಮಾಡಿದ. ಆ ಸನ್ನೆಗೆ ಸಾಹೇಬರ ಮುಖ ಇನ್ನಷ್ಟು ಇಳಿಯಿತು.

ಹದಿನೈದು ದಿನ ಆಗುತ್ತದೆ ಅಂತ ಕಿಟಕಿಯಲ್ಲಿ ನನಗೆ ಹೇಳಿದ್ದ ಸರ್ಟಿಫಿಕೇಟು ಅಪ್ಪನ ಚಹಾ ಮುಗಿಯುವುದರೊಳಗೆ ಸಹಿಯಾಗಿ ಬಂತು. ಗೇಟಿನ ಹೊರಗೆ ಬಂದ ಮೇಲೆ ಅಪ್ಪ ಬೇವಿನ ಗಿಡದ ಕೆಳಗೆ ಕೂತು, ಸುಧಾರಿಸಿಕೊಂಡು ಹೇಳಿದ.

"ಭಾಳ ಛಲೋ ಮಂದಿ ಯವ್ವಾ. ಜಡ್ಡಿನವ ಬಂದಾನಂದ್ರ ಎಷ್ಟು ಮರ್ಯಾದಿ ಕೊಡ್ತಾರ ನೋಡು."

೫. ಅಳಿಯ

ಹೈದ್ರಾಬಾದಿನಲ್ಲಿ ದವಾಖಾನೆಗೂ ಕಾಲೇಜಿಗೂ ನಡುವೆ ತಗಡಿನ ಮಾಳಿಗೆಯ ಒಂದು ಖೋಲಿ ಹಿಡಿದೆವು. ಸೀಟು ಖಾಲಿ ಇತ್ತು, ಅಂಕಗಳು ಸಾಕಿದ್ದವು. ದಾಖಲಾತಿಯ ದಿನ ಕೌಂಟರಿನಲ್ಲಿದ್ದವರು ಸ್ವಲ್ಪ ಸಿಡುಕಿನ ಹೆಣ್ಣುಮಗಳು. ಕನ್ನಡದ ಟೀಸಿಗೆ ಇಂಗ್ಲಿಷಿನಲ್ಲಿ ತರ್ಜುಮೆ ಮಾಡಿಸಿ ಲಗತ್ತಿಸಿದ್ದೆವು. ಅದನ್ನು ಓದಿ, ವಿವಾಹದ ಕಾರಣಕ್ಕೆ ಬಂದಿದ್ದರೆ ಗಂಡನ ಹೆಸರು, ಗಂಡನ ವಿಳಾಸ, ಮದುವೆಯ ಪುರಾವೆ ಬೇಕು ಅಂದರು.

ಮದುವೆ ಆಗಿಲ್ಲ ಅಂತ ಹೇಳಿದೆ. ಹಾಗಾದರೆ ಈ ಟೀಸಿ ಸುಳ್ಳಾ ಅಂತ ಕೇಳಿದರು. ಸುಳ್ಳು ಅಂದರೆ ದಾಖಲಾತಿ ಇಲ್ಲ, ಖರೆ ಅಂದರೆ ಗಂಡನನ್ನು ತರಬೇಕು. ಹಿಂದೆ ಸಾಲಿನಲ್ಲಿದ್ದವರು ಮುಂದೆ ಜರುಗುತ್ತಿದ್ದರು. ಊರು ಬಿಟ್ಟು ಬಂದಾಗಿತ್ತು, ಹಳೆಯ ಕಾಲೇಜಿನಲ್ಲಿ ನನ್ನ ಹೆಸರು ಹೊಡೆದಿದ್ದರು, ಇಲ್ಲಿ ಹತ್ತಿಸಿಕೊಳ್ಳುತ್ತಿಲ್ಲ. ಎರಡು ರಾಜ್ಯದ ನಡುವೆ ನಾನು ಎಲ್ಲಿಯೂ ಇಲ್ಲದವಳಾಗಿ ನಿಂತೆ.

ಅಪ್ಪ ಬೆಂಚಿನಿಂದ ಎದ್ದು ಬಂದ. ಅವನಿಗೆ ತೆಲುಗು ಬರುತ್ತಿರಲಿಲ್ಲ. ಕಲ್ಲಿನ ಕಾರಖಾನೆಯ ಗೆಳೆಯರಿಂದ ಕಲಿತ ದಖನಿ ಉರ್ದು ಮಾತು ನೀರಿನಂತೆ ಬರುತ್ತಿತ್ತು. ಆಕೆ ಅದೇ ಮಾತಿನಲ್ಲಿ, ಅಳಿಯ ಎಲ್ಲಿ ಅಂತ ಗದರಿಸಿದರು. ಅಪ್ಪ ಸಿಟ್ಟಾಗಲಿಲ್ಲ. ಕಿಟಕಿಗೆ ಮುಖ ಹತ್ತಿರ ತಂದು, ಬಹಳ ಸಂಕೋಚದಿಂದ, ಗುಟ್ಟು ಹೇಳುವವನ ಹಾಗೆ ಹೇಳಿದ. ಅದು ನಮ್ಮ ಮಾತಿನಲ್ಲಿ ಹೀಗಾಗುತ್ತದೆ:

"ನಮ್ಮೂರ ಕಾಲೇಜಿನೋರು ಮದಿವಿ ಅಕ್ಕಿಕಾಳ ಹಾಕೇ ಬಿಟ್ಟಾರ್ರಿ ಅಕ್ಕೋರೆ. ವರ ಒಬ್ಬಾವ ಸಿಕ್ಕಿಲ್ಲ. ನಿಮ್ಮ ಕಾಗದದಾಗ ಯಾರರ ಛಲೋ ಹುಡುಗ ಇದ್ದರ ನೀವೇ ಬರಕೋರಿ."

ಆಕೆ ನಕ್ಕದ್ದನ್ನು ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲವಂತೆ. ಒಳಗಿನಿಂದ ಇಬ್ಬರು ಬಂದು ಏನಾಯಿತು ಅಂತ ನೋಡಿ ಹೋದರು. ನಮ್ಮ ಹಳೆಯ ಪ್ರಿನ್ಸಿಪಾಲ್ ಮೇಡಮ್ಮರಿಗೆ ಫೋನು ಹಚ್ಚಿಸಿ, ಅವರಿಂದ ಈಮೇಲಿನಲ್ಲಿ ಒಂದು ಪತ್ರ ತರಿಸಿಕೊಂಡು, ಆ ದಿನವೇ ನನ್ನನ್ನು ಸೇರಿಸಿಕೊಂಡರು. ದಾಖಲಾತಿ ಪುಸ್ತಕದ ಕಾರಣದ ಜಾಗದಲ್ಲಿ ಆಕೆ ಏನು ಬರೆದರು ಅಂತ ನಾನು ಬಗ್ಗಿ ನೋಡಿದೆ. "ತಂದೆ" ಅಂತ ಬರೆದಿದ್ದರು.

೬. ಪಾಪ

ದವಾಖಾನೆಯಲ್ಲಿ ತೆಲುಗಿನ ಒಬ್ಬ ನರ್ಸ್ ಇದ್ದರು. ನನ್ನನ್ನು ಕಂಡರೆ ಅಕ್ಕರೆ. ಮೊದಲ ವಾರ ಅಪ್ಪನ ಎಕ್ಸ್‌ರೇಯನ್ನು ಲಕೋಟೆಯಿಂದ ತೆಗೆದು, ಅದನ್ನು ನೋಡಿ, ನನ್ನ ಕಡೆ ತಿರುಗಿ "ಪಾಪಾ" ಅಂದರು. ಆಮೇಲೆ ಚೀಟಿ ಕೊಡುವಾಗ "ಪಾಪಾ", ಗುಳಿಗೆ ಕೊಡುವಾಗ "ಪಾಪಾ". ತೆಲುಗಿನಲ್ಲಿ ಅದಕ್ಕೆ ಸಣ್ಣ ಹುಡುಗಿ ಅಂತ ಅರ್ಥ. ಮಗಳೇ ಅಂದ ಹಾಗೆ. ತೆಲುಗು ಗಡಿಯ ಸೇಡಂ ಕಡೆ ಓಡಾಡಿದ ನನಗೆ ಗೊತ್ತಿತ್ತು, ಶಹಾಬಾದದ ಕಾರಖಾನೆಯಲ್ಲೇ ದಿನ ಕಳೆದ ಅಪ್ಪನಿಗೆ ಗೊತ್ತಿರಲಿಲ್ಲ.

ಆವತ್ತಿನಿಂದ ಅಪ್ಪ ಬದಲಾದ. ಕುಂತಲ್ಲಿ ನಿಂತಲ್ಲಿ ನನಗೆ ಬುದ್ಧಿ ಹೇಳತೊಡಗಿದ. ಜೋಳ ಕೊಳ್ಳುವಾಗ ನಾಲ್ಕು ಕಾಳು ಹಲ್ಲಿನಿಂದ ಕಡಿದು ನೋಡಬೇಕು. ಅವ್ವನ ಬೆಂಡೋಲೆ ಅತ್ತಿಯ ಟ್ರಂಕಿನಲ್ಲಿ, ಹಳದಿ ಅರಿವೆಯ ಗಂಟಿನಲ್ಲಿವೆ. ಅತ್ತಿ ಗೊರಕೆ ಹೊಡೆಯುತ್ತಾಳೆ, ಇಲ್ಲ ಅಂತ ವಾದ ಮಾಡುತ್ತಾಳೆ, ಅವಳ ಜೊತೆ ವಾದಕ್ಕೆ ಇಳಿಯಬಾರದು. ನಾನು ಏನೋ ಹೊಸ ಊರಿನ ಬೇಸರ ಅಂದುಕೊಂಡೆ. ಮೂರನೇ ದಿನ ಊಟಕ್ಕೆ ಕೂತಾಗ ತಟ್ಟೆ ಸರಿಸಿ, ನಿನ್ನ ಹೆಗಲ ಮೇಲೆ ಭಾರ ಹಾಕಿ ಹೊಂಟೆ, ಮಾಫ್ ಮಾಡು ಅಂದ. ಯಾರು ಏನು ಹೇಳಿದರು ಅಂತ ಕೇಳಿದೆ.

ಯಾರೂ ಬಾಯಿ ಬಿಟ್ಟು ಹೇಳಿಲ್ಲ, ಆದರೆ ಆ ನರ್ಸಮ್ಮ ನನ್ನ ಎದೆಯ ಫೋಟೋ ನೋಡಿದಾಗಿನಿಂದ ನಿನ್ನ ಮುಖ ನೋಡಿ ಪಾಪ, ಪಾಪ ಅಂತ ಮರುಗುತ್ತಾಳಲ್ಲ, ಅಷ್ಟು ತಿಳಿಯದವನೇನು ನಾನು ಅಂದ.

ನಾನು ಅರ್ಥ ಬಿಡಿಸಿ ಹೇಳಿದೆ. ಅಪ್ಪನಿಗೆ ನಗು ಹೊಟ್ಟೆಯಿಂದ ಮೇಲೆ ಬಂತು, ಅದರ ಬೆನ್ನಿಗೆ ಕೆಮ್ಮು ಬಂತು. ಕೆಮ್ಮುತ್ತ, ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಸರಿಸಿದ್ದ ತಟ್ಟೆಯನ್ನು ಮತ್ತೆ ಎಳೆದುಕೊಂಡ.

"ನಾ ಮೂರು ದಿನ ಪುಕ್ಕಟ ಸತ್ತೆನಲ್ಲ ಯವ್ವಾ."

೭. ದಾರಿ

ಅಪ್ಪ ಹೋದದ್ದು ಅದೇ ವರ್ಷದ ಚಳಿಗಾಲದಲ್ಲಿ, ಒಂದು ಮುಂಜಾನೆ ದವಾಖಾನೆಯಲ್ಲಿ, ನಾನು ಗಂಜಿ ತರಲು ಹೋದಾಗ. ಅತ್ತಿ ವಾರದ ಹಿಂದೆಯೇ ಬಂದು ಹತ್ತಿರ ಕೂತಿದ್ದಳು. ಹೋಗುವಾಗ ಅವನ ಕೈ ಅವಳ ಕೈಯಲ್ಲಿತ್ತಂತೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಊರಿಗೆ ಒಯ್ಯಲು ಆಂಬುಲೆನ್ಸ್ ಮಾಡಿದೆವು. ಡ್ರೈವರ್ ಆ ಕಡೆಯವನು, ನಮ್ಮ ಸೀಮೆಯ ದಾರಿ ಗೊತ್ತಿಲ್ಲ. ನಾನು ಹಿಂದೆ ಅಪ್ಪನ ಹತ್ತಿರ ಕೂತೆ. ದಾರಿ ತೋರಿಸಲು ಅತ್ತಿ ಮುಂದೆ ಕೂತಳು. ನೇರವಾಗಿ ಬಂದರೆ ಗಡಿ ದಾಟಿ ಸೇಡಂ, ಆಮೇಲೆ ಚಿತ್ತಾಪುರ, ವಾಡಿ, ಶಹಾಬಾದ. ಆದರೆ ಅತ್ತಿಗೆ ಗೊತ್ತಿದ್ದದ್ದು ಅವಳ ಬಸ್ಸಿನ ದಾರಿ ಒಂದೇ. ಚಿಂಚೋಳಿ ಮ್ಯಾಲೆ ನಡಿ ಅಂದಳು. ಚಿಂಚೋಳಿಯಿಂದ ಸುಲೇಪೇಟ. ಅಲ್ಲಿ ತನ್ನ ಮನೆಯ ಮುಂದೆ ನಿಲ್ಲಿಸಿದಳು. ನೆರೆಹೊರೆಯವರು ಬಂದು ಕಣ್ಣೀರು ಹಾಕಿ, ಹೂವು ಹಾಕಿ ಹೋದರು. ಸೇಡಂನಲ್ಲಿ ನಾನು ಕಲಿತ ಊರು ಅಂತ ನಿಲ್ಲಿಸಿದಳು. ಚಿತ್ತಾಪುರದಲ್ಲಿ ಅಪ್ಪನ ಬಾಲ್ಯದ ಗೆಳೆಯನ ಹೋಟೆಲಿನ ಮುಂದೆ ನಿಲ್ಲಿಸಿದಳು. ವಾಡಿಯಲ್ಲಿ, ಅವ್ವನನ್ನು ನೋಡಲು ಬಂದಾಗ ಅಪ್ಪ ಮೊದಲ ಸಲ ಇಳಿದ ಸ್ಟೇಶನ್ ಇದು ಅಂತ ಅದರ ಮುಂದೆಯೂ ನಿಲ್ಲಿಸಿದಳು. ಊರಿನಿಂದ ಫೋನಿನ ಮೇಲೆ ಫೋನು: ಎಲ್ಲಿದ್ದೀರಿ, ಮಣ್ಣಿಗೆ ಹೊತ್ತಾಗುತ್ತದೆ.

ಡ್ರೈವರ್ ತಾಳ್ಮೆಯವನು. ಆದರೂ ವಾಡಿ ದಾಟುವಾಗ ಅವನ ಬಾಯಿಂದ ಮಾತು ಬಂದೇ ಬಿಟ್ಟಿತು. ಅಮ್ಮಾ, ಸರಕಾರಿ ಬಸ್ಸೂ ಇಷ್ಟು ಕಡೆ ನಿಲ್ಲುವುದಿಲ್ಲ ಅಂದ.

ಅತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಲ್ತದಪ್ಪ, ಆದರ ಬಸ್ಸಿನ್ಯಾಗ ನನ್ನ ತಮ್ಮಗ ಎಂದೂ ಕುಂದ್ರಾಕ ಜಾಗ ಸಿಕ್ಕಿಲ್ಲ. ಇವತ್ತ ಮಲಕ್ಕೊಂಡು ಹೊಂಟಾನ. ನಾಕು ಊರು ನೋಡಕೋತ ಹೋಗಲಿ ಬಿಡು."

ಮಣ್ಣು ಮುಗಿಯುವಾಗ ಹೊತ್ತು ಮುಳುಗಿತ್ತು. ಹದಿನೈದು ದಿನ ಬಿಟ್ಟು ನಾನು ಒಬ್ಬಳೇ ಹಿಂದಕ್ಕೆ ಹೋಗಿ ಪರೀಕ್ಷೆಗೆ ಕೂತೆ, ಪಾಸಾದೆ. ಪದವಿಯ ಕಾಗದ ಟ್ರಂಕಿನಲ್ಲಿದೆ.

೮. ಹಾಜರಿ

ಇನ್ನೊಂದು ಉಳಿದಿದೆ. ಅಪ್ಪ ಹೋಗುವುದಕ್ಕೆ ಒಂದು ತಿಂಗಳ ಮುಂಚಿನದು. ಸ್ಟಾಫ್ ರೂಮಿನಲ್ಲಿ ಇದನ್ನು ಅರ್ಧಕ್ಕೇ ಬಿಡುತ್ತೇನೆ.

ತಗಡಿನ ಖೋಲಿಯಲ್ಲಿ ಹಗಲು ಹೊತ್ತು ಅಪ್ಪನಿಗೆ ಉಸಿರು ಕಟ್ಟುತ್ತಿತ್ತು. ಅದಕ್ಕೆ ನನ್ನ ಜೊತೆ ಕಾಲೇಜಿಗೇ ಬಂದು ವರಾಂಡದಲ್ಲಿ ಕೂಡುತ್ತಿದ್ದ. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ನಿವೃತ್ತಿಗೆ ಬಂದವರು. ನಾಲ್ಕು ದಿನ ನೋಡಿದರು, ಐದನೇ ದಿನ, ಹೊರಗೆ ಬಿಸಿಲು, ಒಳಗೆ ಫ್ಯಾನ್ ಇದೆ ಬನ್ನಿ ಅಂತ ಕರೆದು ಹಿಂದಿನ ಬೆಂಚಿನಲ್ಲಿ ಕೂಡಿಸಿದರು. ಆಮೇಲೆ ಅದು ಅಪ್ಪನ ಜಾಗವೇ ಆಯಿತು. ಅವರು ತೆಲುಗು, ಇಂಗ್ಲಿಷ್, ದಖನಿ ಎಲ್ಲ ಕಲಸಿ ಪಾಠ ಹೇಳುತ್ತಿದ್ದರು. ಮೂರನೇ ಇಯತ್ತೆಯವರೆಗೆ ಓದಿದ ಅಪ್ಪ ಕೈ ಕಟ್ಟಿಕೊಂಡು ಎಲ್ಲವನ್ನೂ ಕೇಳುತ್ತಿದ್ದ.

ಒಂದು ದಿನ ದೊಡ್ಡ ಪರೀಕ್ಷೆಯೊಂದರ ರಿಪೋರ್ಟ್ ತರಬೇಕಿತ್ತು. ಮುಂಜಾನೆ ಬೇಗ ಅಪ್ಪನನ್ನು ಕ್ಲಾಸಿನಲ್ಲಿ ಕೂಡಿಸಿ ನಾನು ದವಾಖಾನೆಗೆ ಹೋದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಅಂತ ನೋಟಿಸು ಹಚ್ಚಿದ್ದರು. ಅದನ್ನು ನಾನು ಅಪ್ಪನಿಂದ ಮುಚ್ಚಿಟ್ಟಿದ್ದೆ. ಅವನಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಇಲ್ಲಿಂದ ಮುಂದಿನದು ಗೆಳತಿಯರು ಹೇಳಿದ್ದು.

ಮೇಷ್ಟ್ರು ತಲೆ ಬಗ್ಗಿಸಿಕೊಂಡು ಹಾಜರಿ ಕೂಗುತ್ತಿದ್ದರು. ನನ್ನ ನಂಬರ್ ನಲವತ್ತೊಂದು. ಹಿಂದಿನ ಬೆಂಚಿನಿಂದ ದಪ್ಪ ದನಿಯಲ್ಲಿ "ಹಾಜರ್ ಸಾಬ್" ಅಂತ ಬಂತು.

ಮೇಷ್ಟ್ರು ತಲೆ ಎತ್ತಿದರು. ಮತ್ತೊಮ್ಮೆ ನಲವತ್ತೊಂದು ಅಂದರು. ಅಪ್ಪ ಈ ಸಲ ಎದ್ದು ನಿಂತು ಹಾಜರ್ ಅಂದ. ಒಬ್ಬರ ಹಾಜರಿ ಇನ್ನೊಬ್ಬರು ಹೇಳುವ ಕಳ್ಳತನ ಈ ಕಾಲೇಜಿಗೆ ಹೊಸದಲ್ಲ, ಆದರೆ ಹುಡುಗಿಯ ನಂಬರಿಗೆ ಬಿಳಿ ಮೀಸೆಯವರು ಎದ್ದು ನಿಂತದ್ದನ್ನು ನನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ ಅಂತ ಮೇಷ್ಟ್ರು ಹೇಳಿದರು. ಅಪ್ಪ, ನಾವಿಬ್ಬರೂ ಒಂದೇ ಮನೆಯವರು ಸಾಬ್, ಇವತ್ತು ದವಾಖಾನೆಯಲ್ಲಿ ನನ್ನ ಸಾಲಿಗೆ ಅವಳು ನಿಂತಿದ್ದಾಳೆ, ಅವಳ ಸಾಲಿಗೆ ನಾನು ನಿಂತೆ, ಇದರಲ್ಲಿ ಕಳ್ಳತನ ಏನು ಅಂತ ಕೇಳಿದ.

ಮೇಷ್ಟ್ರು ನಗು ತಡೆದುಕೊಂಡು, ಹಾಗಾದರೆ ನಿನ್ನೆಯ ಪಾಠ ಹೇಳಿರಿ ಅಂದರು.

ಅಪ್ಪ ಹೇಳಿದನಂತೆ. ನಿನ್ನೆ ನೀವು ದುಡಿಮೆಯ ಪಾಠ ಮಾಡಿದಿರಿ. ಬೇರೆ ಮಾಲನ್ನು ಕೋಣೆಯಲ್ಲಿ ಕೂಡಿಟ್ಟು ನಾಳೆ ಮಾರಬಹುದು, ದುಡಿಮೆಯನ್ನು ಕೂಡಿಡಲು ಬರುವುದಿಲ್ಲ, ಇವತ್ತು ದುಡಿಯದಿದ್ದರೆ ಇವತ್ತಿನದು ಹೋಯಿತು ಅಂದಿರಿ. ಇಷ್ಟು ಹೇಳಿ, ಉಸಿರು ತೆಗೆದುಕೊಂಡು, ತನ್ನದೂ ಒಂದು ಮಾತು ಸೇರಿಸಿದ: ಇದು ನನಗೆ ಮೂವತ್ತು ವರ್ಷದಿಂದ ಗೊತ್ತು ಸಾಬ್, ಆದರೆ ಇದನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ ಅಂತ ಗೊತ್ತಿರಲಿಲ್ಲ, ಗೊತ್ತಿದ್ದರೆ ನಾನೂ ಪಾಸಾಗುತ್ತಿದ್ದೆ.

ಮೇಷ್ಟ್ರು ಕುರ್ಚಿಗೆ ಒರಗಿ ನಗತೊಡಗಿದರು. ಅವರ ಹಿಂದೆ ಇಡೀ ಕ್ಲಾಸು.

ನಾನು ಬಾಗಿಲಿಗೆ ಬಂದದ್ದು ಆ ಹೊತ್ತಿಗೆ. ಎಲ್ಲರೂ ಬೆಂಚು ಬಡಿದು ನಗುತ್ತಿದ್ದರು. ನಡುವೆ ಅಪ್ಪ, ಟೋಪಿ ಕೈಯಲ್ಲಿ ಹಿಡಿದುಕೊಂಡು, ಮದುಮಗನ ಹಾಗೆ ನಾಚಿ ನಗುತ್ತಿದ್ದ. ನನ್ನ ಕೈಯಲ್ಲಿ ರಿಪೋರ್ಟ್ ಇತ್ತು. ಎರಡೂ ಕಡೆಯ ಎದೆ ಮುಗಿದಿದೆ, ಇನ್ನು ಮದ್ದು ಹತ್ತುವುದಿಲ್ಲ, ಊರಿಗೆ ಒಯ್ಯುವುದಿದ್ದರೆ ಒಯ್ಯಿರಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ನಾನು ಅದನ್ನು ಪುಸ್ತಕದ ನಡುವೆ ಇಟ್ಟು ಚೀಲದಲ್ಲಿ ಹಾಕಿದೆ. ಒಳಗೆ ಹೋಗಿ ಅವನ ಪಕ್ಕ ಕೂತೆ. ಯಾಕೆ ಅಂತ ತಿಳಿಯದೆ ನಾನೂ ನಕ್ಕೆ.

ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಗೇಟಿನ ಕಡೆ ನಡೆದೆವು. ಅಪ್ಪ ನನ್ನ ಹೆಗಲು ಹಿಡಿದುಕೊಂಡಿದ್ದ. ರಿಪೋರ್ಟಿನ್ಯಾಗ ಏನು ಬಂದಾದ ಅಂತ ಕೇಳಿದ. ಛಲೋ ಅದ ಅಪ್ಪ, ಕಡಿಮಿ ಆಗ್ಯಾದ ಅಂತ ಬರದಾರ ಅಂದೆ. ಅಪ್ಪ ನಿಂತ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ.

"ಇವತ್ತ ಮುಂಜಾನಿ ನಾ ಒಂದು ಸುಳ್ಳ ಹೇಳಿದೆ, ಈಗ ನೀ ಒಂದು ಹೇಳ್ದಿ," ಅಂದ. "ನನ್ನ ಸುಳ್ಳಿಗಿ ಇಡೀ ಕಿಲಾಸ ನಕ್ಕಾದ. ನಿನ್ನ ಸುಳ್ಳಿಗಿ ನಾನರ ನಗಬೇಕಲ್ಲ ಯವ್ವಾ."

ಅಂದವನೇ ನನ್ನ ಹೆಗಲ ಮೇಲೆ ಭಾರ ಬಿಟ್ಟು, ಕೆಮ್ಮು ಬರುವ ತನಕ ನಕ್ಕ.